1974ರ ಪತ್ರಕ್ಕೆ ಇನ್ನೂ ಹಿಂಬರಹ ಬಂದಿಲ್ಲ

ಇವರಿಗೆ,
ಮುಖ್ಯಸ್ಥರು,
ಮಾಸ್ಕೋ ನಗರಾಡಳಿತ, ಮಾಸ್ಕೋ.

ವಿಷಯ: ಬಯಲಲ್ಲಿ ಚಿತ್ರ ತೋರಿಸುವ ಬಗ್ಗೆ ಬಂದಿದ್ದ ಪತ್ರಕ್ಕೆ ಹಿಂಬರಹ ಕೊಡುವ ಕುರಿತು.
ಉಲ್ಲೇಖ: ಚಿತ್ರಕಾರ ಆಸ್ಕರ್ ರಾಬಿನ್ ಮತ್ತು ಗೆಳೆಯರ ಪತ್ರ, ದಿನಾಂಕ 2-9-1974.

ಮಾನ್ಯರೆ,

ನಾನು ತಾಲ್ಲೂಕು ಕಚೇರಿಯೊಂದರ ಟಪಾಲು ವಿಭಾಗದಲ್ಲಿ 29 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಚಿತ್ರಕಲೆ ನನ್ನ ಕ್ಷೇತ್ರ ಅಲ್ಲ. ಕಾಗದ ನನ್ನ ಕ್ಷೇತ್ರ. ಅರ್ಜಿ ಬಂದರೆ ಆವಕ ಪುಸ್ತಕದಲ್ಲಿ ನಂಬರ್ ಹಾಕಬೇಕು, ಕಡತಕ್ಕೆ ಸೇರಿಸಬೇಕು, ಆಗುತ್ತದೋ ಇಲ್ಲವೋ ಅಂತ ಅರ್ಜಿದಾರರಿಗೆ ಹಿಂಬರಹ ಕೊಡಬೇಕು. ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ನಮ್ಮಲ್ಲೂ ವರ್ಷಗಟ್ಟಲೆ ಧೂಳು ತಿಂದ ಕಡತಗಳಿದ್ದವು. ಅದರಲ್ಲಿ ಒಂದೆರಡು ನನ್ನ ಮೇಜಿನ ಮೇಲೂ ಇದ್ದವು, ಸುಳ್ಳು ಹೇಳಲ್ಲ. ಆದರೆ ನಿಮ್ಮ ಕಚೇರಿಗೆ ಬಂದಿದ್ದ ಆ ಒಂದು ಪತ್ರದ ಕಥೆ ಓದಿದ ಮೇಲೆ ನನ್ನ ತಪ್ಪು ಚಿಕ್ಕದು ಅನಿಸಿತು. ನಾವು ಉತ್ತರ ಕೊಡದೆ ಸುಮ್ನೆ ಕೂತೆವು, ಅಷ್ಟೆ. ನಿಮ್ಮ ಕಡೆಯಿಂದ ಉತ್ತರವಾಗಿ ಬುಲ್ಡೋಜರ್ ಹೋಯಿತು.

ಕಳಿಸಿದ್ದು ನಾವಲ್ಲ, ಕಮ್ಯುನಿಸ್ಟ್ ಪಕ್ಷದವರು ಅನ್ನಬಹುದು ನೀವು. ಇರಬಹುದು. ಆದರೆ ಪತ್ರ ಬಂದಿದ್ದು ನಿಮ್ಮ ವಿಳಾಸಕ್ಕೆ. ಆಗ ನಿಮ್ಮ ಹೆಸರು ಮಾಸ್ಸೊವೆತ್, ಮಾಸ್ಕೋ ನಗರ ಸೋವಿಯತ್. 1993ರಲ್ಲಿ ಅದನ್ನು ವಿಸರ್ಜಿಸಿದರು. ಕಚೇರಿಯ ಹೆಸರು ಬದಲಾದ ಮಾತ್ರಕ್ಕೆ ಬಾಕಿ ಟಪಾಲು ಮಾಯವಾಗಲ್ಲ. ಚಾರ್ಜ್ ತಗೊಳ್ಳೋದು ಅಂದರೆ ಹಳಬರ ಬಾಕಿಯನ್ನೂ ತಗೊಳ್ಳೋದು, ಅಲ್ವಾ?

ಪತ್ರ ಕನ್ನಡದಲ್ಲಿದೆ ಅಂತ ಬದಿಗಿಡಬೇಡಿ. ಒಂದು ಕಾಲದಲ್ಲಿ ಕನ್ನಡ ಪುಸ್ತಕಗಳು ನಿಮ್ಮೂರಲ್ಲೇ ಅಚ್ಚಾಗಿ ನಮ್ಮೂರಿಗೆ ಬರುತ್ತಿದ್ದವು. ಒಳ್ಳೇ ಕಾಗದ, ಗಟ್ಟಿ ರಟ್ಟು, ಕಡಿಮೆ ಬೆಲೆ. ನಿಮ್ಮ ದೇಶದ ಬಣ್ಣದ ಪತ್ರಿಕೆಗಳ ನುಣುಪು ಹಾಳೆಯಿಂದ ನಾವು ನೋಟ್‌ಬುಕ್ಕಿಗೆ ಬೈಂಡ್ ಹಾಕುತ್ತಿದ್ದೆವು. ಟ್ರ್ಯಾಕ್ಟರ್ ಮೇಲೆ ಕೂತ ಹೆಂಗಸೊಬ್ಬಳು ನನ್ನ ಗಣಿತದ ಪುಸ್ತಕದ ಮೇಲೆ ವರ್ಷವಿಡೀ ನಗುತ್ತಿದ್ದಳು. ಅದೇ ದೇಶದಲ್ಲಿ ಈ ರಾಬಿನ್ ಕುಳಿತು ತಿಪ್ಪೆ, ವಾಲಿದ ಮನೆ, ಖಾಲಿ ವೋಡ್ಕಾ ಬಾಟಲಿ ಬರೆಯುತ್ತಿದ್ದರು ಅಂತ ಗೊತ್ತಾಗಿದ್ದು ನನಗೆ ಕೂದಲು ನೆರೆತ ಮೇಲೆ.

ರಷ್ಯಾದ ಚಿತ್ರಕಾರ ಅಂದರೆ ನಮ್ಮ ಕಡೆ ಇವತ್ತಿಗೂ ಒಂದೇ ಹೆಸರು. ಬೆಂಗಳೂರಿನ ಹತ್ತಿರ ತಾತಗುಣಿ ತೋಟದಲ್ಲಿದ್ದ ಸ್ವೆತೊಸ್ಲಾವ್ ರೋರಿಕ್. 1960ರಲ್ಲಿ ಅವರ ಚಿತ್ರಗಳಿಗೆ ನಿಮ್ಮೂರಿನ ಪುಷ್ಕಿನ್ ಮ್ಯೂಸಿಯಂ ಬಾಗಿಲು ತೆರೆಯಿತು. ಸಂತೋಷ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಮ್ಮೂರಿನದೇ ಪತ್ರಿಕೆ ‘ಮೊಸ್ಕೊವ್‌ಸ್ಕಿ ಕೊಮ್ಸೊಮೊಲೆತ್ಸ್’ ರಾಬಿನ್ ಮತ್ತು ಅವರ ಗೆಳೆಯರ ಬಗ್ಗೆ ಬರೆಯಿತು. ತಲೆಬರಹ: ‘8ನೇ ನಂಬರ್ ತಿಪ್ಪೆಯ ಪೂಜಾರಿಗಳು’. ‘8ನೇ ನಂಬರ್ ತಿಪ್ಪೆ’ ಅನ್ನುವ ಚಿತ್ರವೊಂದನ್ನು ರಾಬಿನ್ ಬರೆದಿದ್ದರು, ನಿಜ. ಆದರೆ ತಿಪ್ಪೆಗೂ ನಂಬರ್ ಕೊಡೋರು ನಮ್ಮಂಥ ಗುಮಾಸ್ತರು, ಚಿತ್ರಕಾರರಲ್ಲ. ಅವರು ಕಂಡಿದ್ದನ್ನು ಬರೆದರು ಅಷ್ಟೆ.

ಅರ್ಜಿದಾರರ ಪೂರ್ವಾಪರ ನಿಮ್ಮ ಕಡತದಲ್ಲಿ ಇರಲೇಬೇಕು. ಇಲ್ಲದಿದ್ದರೆ ಇಲ್ಲಿದೆ. ಆಸ್ಕರ್ ರಾಬಿನ್ ನಿಮ್ಮೂರಲ್ಲೇ, ಮಾಸ್ಕೋದಲ್ಲಿ, 1928ರ ಜನವರಿ 2ರಂದು ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಡಾಕ್ಟರು. ಅಪ್ಪ ಯಹೂದಿ, ಅಮ್ಮ ಲಾಟ್ವಿಯಾದವರು. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ಹೋದರು. 1941ರಲ್ಲಿ, ಯುದ್ಧದ ನಡುವೆ, ಅಮ್ಮನೂ ಹೋದರು. 13 ವರ್ಷಕ್ಕೆ ತಬ್ಬಲಿ. ಮಕ್ಕಳ ಚಿತ್ರಕಲಾ ತರಗತಿಯೊಂದರಲ್ಲಿ ಯೆವ್ಗೆನಿ ಕ್ರೊಪಿವ್ನಿತ್ಸ್ಕಿ ಅನ್ನುವ ಮೇಷ್ಟ್ರು ಸಿಕ್ಕರು. ಅವರು ಕವಿಯೂ ಹೌದು, ಚಿತ್ರಕಾರರೂ ಹೌದು. ಹುಡುಗ ಆ ಮನೆಯವನೇ ಆಗಿಬಿಟ್ಟ. ಮುಂದೆ ಮೇಷ್ಟ್ರ ಮಗಳು ವಾಲೆಂಟೀನಾಳನ್ನೇ ಮದುವೆಯಾದ. ರೀಗಾದ ಕಲಾ ಅಕಾಡೆಮಿಯಲ್ಲಿ ಸ್ವಲ್ಪ ದಿನ, ಮಾಸ್ಕೋದ ಸುರಿಕೋವ್ ಸಂಸ್ಥೆಯಲ್ಲಿ ಸ್ವಲ್ಪ ದಿನ ಓದು ಆಯಿತು. ಎರಡನೇ ಕಡೆಯಿಂದ ಹೊರಗೆ ಹಾಕಿದರು.

ಆಮೇಲೆ ರೈಲ್ವೆ ಕೆಲಸ. ಗೂಡ್ಸ್ ಡಬ್ಬಿಗಳಿಂದ ಸರಕು ಇಳಿಸುವ ಗುಂಪಿಗೆ ಮೇಸ್ತ್ರಿ. ಇಳಿಸುವ ಕೂಲಿಗಳು ಕೈದಿಗಳು. ಮನೆ ಇದ್ದದ್ದು ಲಿಯಾನೊಜೊವೊದಲ್ಲಿ, ಆಗ ಅದು ಊರಾಚೆ. ಹಿಂದೆ ಕೈದಿಗಳ ಶಿಬಿರವಾಗಿದ್ದ ಬ್ಯಾರಕ್ಕುಗಳಲ್ಲಿ ಒಂದು ಕೋಣೆ. ಗಂಡ, ಹೆಂಡತಿ, ಎರಡು ಮಕ್ಕಳು, ಗೋಡೆಗೆ ಒರಗಿಸಿಟ್ಟ ಚಿತ್ರಗಳು.

1950ರ ದಶಕದ ಕೊನೆಯಲ್ಲಿ ಆ ಕೋಣೆಗೆ ಭಾನುವಾರದ ದಿನ ಜನ ಬರೋಕೆ ಶುರುವಾಯಿತು. ಸಾವ್ಯೊಲೊವ್ ನಿಲ್ದಾಣದಿಂದ ಲೋಕಲ್ ರೈಲು ಹತ್ತಿ, ಇಳಿದು, ನಡೆದು ಬರಬೇಕು. ರಾಬಿನ್ ಒಂದೊಂದೇ ಚಿತ್ರ ಎತ್ತಿ ಇಡುತ್ತಿದ್ದರು. ಸಪ್‌ಗೀರ್, ಹೋಲಿನ್ ಅನ್ನುವ ಕವಿಗಳು ಪದ್ಯ ಓದುತ್ತಿದ್ದರು. ಟಿಕೆಟ್ ಇಲ್ಲ, ಉದ್ಘಾಟನೆ ಇಲ್ಲ, ಸನ್ಮಾನ ಇಲ್ಲ. (ನಮ್ಮ ಕಡೆ ಶಾಲು ಹಾರ ಇಲ್ಲದೆ ಒಂದು ಗೋಡೆ ಗಡಿಯಾರ ಕೂಡ ಉದ್ಘಾಟನೆ ಆಗಲ್ಲ.) ವಿದೇಶಿ ರಾಯಭಾರಿಗಳೂ ಬಂದರು, ಚಿತ್ರ ಕೊಂಡರು. ನಿಮ್ಮವರಿಗೆ ಹೊಟ್ಟೆಯಲ್ಲಿ ಖಾರ ಕಲಸಿದಂತಾಯಿತು. 1963ರಲ್ಲಿ ಮೇಷ್ಟ್ರನ್ನು ಕಲಾವಿದರ ಸಂಘದಿಂದ ತೆಗೆದರು. ‘ಲಿಯಾನೊಜೊವೊ ಗುಂಪು’ ಕಟ್ಟಿದ್ದೂ ಒಂದು ಆರೋಪ. ಅದಕ್ಕೆ ಆ ಮುದುಕರು ಬರೆದು ಕೊಟ್ಟ ಸಮಜಾಯಿಷಿ ನನಗೆ ಬಹಳ ಇಷ್ಟ. ಗುಂಪಿನಲ್ಲಿ ಇರುವವರು ನನ್ನ ಹೆಂಡತಿ ಓಲ್ಗಾ, ಮಗಳು ವಾಲ್ಯಾ, ಮಗ ಲೆವ್, ಮೊಮ್ಮಗಳು ಕಾತ್ಯಾ, ಮೊಮ್ಮಗ ಸಾಶಾ, ಅಳಿಯ ಆಸ್ಕರ್ ರಾಬಿನ್ ಅಂತ ಪಟ್ಟಿ ಕೊಟ್ಟರು. ನಮ್ಮ ಕಚೇರಿಯ ರೇಷನ್ ಕಾರ್ಡ್ ಅರ್ಜಿಯ ಹಾಗೇ ಇದೆ, ನೋಡಿ.

ಅಳಿಯನ ಚಿತ್ರಗಳ ಬಗ್ಗೆ ಒಂದೆರಡು ಮಾತು. ನಾನು ಅಸಲಿ ಚಿತ್ರ ನೋಡಿಲ್ಲ, ಪುಸ್ತಕದಲ್ಲಿ ನೋಡಿದ್ದು. ಬಣ್ಣ ಕಂದು, ಬೂದು, ಮಸಿ. ಅಂಚಿಗೆ ದಪ್ಪ ಕಪ್ಪು ಗೆರೆ. ಬಣ್ಣಕ್ಕೆ ಮರಳು ಬೆರೆಸುತ್ತಿದ್ದರಂತೆ. ಅದಕ್ಕೇ ಇರಬೇಕು, ಗೋಡೆಯ ಗಾರೆ ಹಾಗೆ ಒರಟು. ಮನೆಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲಿವೆ, ಆದರೂ ಒಂದು ಕಿಟಕಿಯಲ್ಲಿ ದೀಪ ಇದೆ. ಮುಂದೆ ಚಹಾಕ್ಕೆ ನೀರು ಕಾಯಿಸುವ ಒಂದು ಸಮೋವಾರ್, ಇಲ್ಲ ಒಂದು ಬಾಟಲಿ, ಇಲ್ಲ ಮೀನು.

ಆ ಮೀನು ನೋಡಿ. ಹೆರಿಂಗ್ ಮೀನೊಂದು ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆಯ ಮೇಲೆ ಮಲಗಿದೆ. ಇಷ್ಟೇ ಚಿತ್ರ. ಇದರಲ್ಲಿ ರಾಜದ್ರೋಹ ಎಲ್ಲಿದೆ ಅಂತ ನಾನು ಬಹಳ ಹೊತ್ತು ಹುಡುಕಿದೆ. ಆಮೇಲೆ ಸಂಜೆ ಗಾಡಿಯ ಹತ್ತಿರ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುವಾಗ ಹೊಳೆಯಿತು. ಕೈಯಲ್ಲಿದ್ದ ಹಾಳೆಯಲ್ಲಿ ಒಬ್ಬ ಮಂತ್ರಿ ಕೈ ಮುಗಿದು ನಿಂತಿದ್ದ, ಅವನ ಮುಖದ ಮೇಲೆ ಎಣ್ಣೆ ಇಳಿದು ಆ ಕಡೆ ಪುಟದ ರಿಯಲ್ ಎಸ್ಟೇಟ್ ಜಾಹೀರಾತು ಕಾಣುತ್ತಿತ್ತು. ನಾನು ಯಾರನ್ನೂ ಅವಮಾನ ಮಾಡಿರಲಿಲ್ಲ. ಬಜ್ಜಿ ತಿನ್ನುತ್ತಿದ್ದೆ. ನಿಮ್ಮ ಜನರೂ ಹಾಗೇ ಪೇಪರ್ ಹಾಸಿ, ಮೀನು ಕತ್ತರಿಸಿ, ಗುಟುಕು ಹಾಕುತ್ತಿದ್ದರು. ಮನೆಮನೆಯಲ್ಲಿ ನಡೆಯುತ್ತಿದ್ದ ಈ ಸಂಗತಿ ಚಿತ್ರದಲ್ಲಿ ಬಂದಾಗ ಮಾತ್ರ ತಪ್ಪಾಗಿ ಕಂಡಿತು ನಿಮಗೆ.

ಇನ್ನೊಂದು ಚಿತ್ರ ಗುಮಾಸ್ತನಾದ ನನಗೆ ಬರೆದಂತೆಯೇ ಇದೆ. ಹೆಸರು ‘ಪಾಸ್‌ಪೋರ್ಟ್’. ನಿಮ್ಮಲ್ಲಿ ದೇಶದೊಳಗೆ ಇರೋಕೂ ಪಾಸ್‌ಪೋರ್ಟ್ ಬೇಕಿತ್ತು, ಅದರಲ್ಲಿ ‘ರಾಷ್ಟ್ರೀಯತೆ’ ಅಂತ ಒಂದು ಕಾಲಂ. ರಾಬಿನ್ ತಮ್ಮದೇ ಪಾಸ್‌ಪೋರ್ಟನ್ನು ದೊಡ್ಡದಾಗಿ ಬರೆದಿದ್ದಾರೆ. ಆ ಕಾಲಮ್ಮಿನಲ್ಲಿ ‘ಲಾಟ್ವಿಯನ್’ ಅಂತ ಬರೆದು ಕಂಸದಲ್ಲಿ ‘ಯಹೂದಿ’ ಅಂತ ಸೇರಿಸಿದ್ದಾರೆ. ಜೊತೆಗೆ ಯಾವ ಪಾಸ್‌ಪೋರ್ಟಿನಲ್ಲೂ ಇಲ್ಲದ ಒಂದು ಕಾಲಂ: ಸತ್ತ ಜಾಗ. ಅದರ ಮುಂದೆ, ಬೇಲಿ ಕೆಳಗೋ? ಇಸ್ರೇಲಿನಲ್ಲೋ? ಅಂತ ಪ್ರಶ್ನೆ. ಫಾರಂ ತುಂಬಿಸುವವರ ಕೈಯಿಂದ ಫಾರಂ ಕಿತ್ತುಕೊಂಡು ತಾನೇ ತುಂಬಿದ ಮನುಷ್ಯ ಇವರು. ಈ ಕಾಲಮ್ಮಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ನಿಮ್ಮ ಕಡತ. ಹೊರದೇಶದಲ್ಲಿ, ಲಂಡನ್ನಿನ ಗ್ಯಾಲರಿಯೊಂದರಲ್ಲಿ, 1965ರಲ್ಲೇ ರಾಬಿನ್ ಅವರದೇ ಪ್ರದರ್ಶನ ನಡೆದಿತ್ತು. ಅವರಿಗೆ ಮಾತ್ರ ಹೋಗೋಕೆ ಆಗಲಿಲ್ಲ. ಸ್ವಂತ ಊರಲ್ಲಿ 1967ರ ಜನವರಿಯಲ್ಲಿ ಕಾರ್ಮಿಕರ ಕ್ಲಬ್ ಒಂದರಲ್ಲಿ, ಕವಿ ಅಲೆಕ್ಸಾಂಡರ್ ಗ್ಲೇಜರ್ ಜೊತೆ ಸೇರಿ ಪ್ರದರ್ಶನ ಇಟ್ಟರು. ಎರಡು ಗಂಟೆಯಲ್ಲಿ ಮುಚ್ಚಿಸಿದರು. ಒಳಗೆ ಜಾಗ ಕೊಡಲ್ಲ ಅಂದರೆ ಹೊರಗೆ ಹೋಗೋಣ, ಬಯಲಲ್ಲಿ ಚಿತ್ರ ಹಿಡಿದು ನಿಲ್ಲಬಾರದು ಅಂತ ಕಾನೂನಿಲ್ಲವಲ್ಲ ಅಂತ ಯೋಚಿಸಿದರು. 1974ರ ಸೆಪ್ಟೆಂಬರ್ 2ರಂದು ನಿಮಗೆ ಪತ್ರ ಕೊಟ್ಟರು. ನಿಷೇಧ ಅಂತ ಕಾಗದದಲ್ಲಿ ಏನೂ ಬರಲಿಲ್ಲ. ಟೈಪ್ ಮಾಡಿದ ಆಮಂತ್ರಣ ಹಂಚಿದರು. ಬಯಲಲ್ಲಿ ಮೊದಲ ಶರತ್ಕಾಲದ ಚಿತ್ರ ವೀಕ್ಷಣೆ, ಸೆಪ್ಟೆಂಬರ್ 15, ಮಧ್ಯಾಹ್ನ 12ರಿಂದ 2. ಜಾಗ ಬೆಲ್ಯಾಯೆವೊ, ಪ್ರೊಫ್ಸೊಯೂಜ್ನಾಯಾ ರಸ್ತೆ ಮುಗಿದು ಓಸ್ತ್ರೊವಿತ್ಯಾನೊವ್ ರಸ್ತೆ ಸೇರುವಲ್ಲಿನ ಖಾಲಿ ಸೈಟು. ಎರಡೇ ಗಂಟೆ ಕೇಳಿದ್ದರು.

ಅವತ್ತು ಭಾನುವಾರ. ಜಿಟಿಜಿಟಿ ಮಳೆ, ಕಾಲಿಟ್ಟರೆ ಕೆಸರು. ಚಿತ್ರ ಹಿಡಿದು ಬಂದ ಕಲಾವಿದರು ಇಪ್ಪತ್ತರ ಆಸುಪಾಸು. ನೆಮೂಹಿನ್, ಮಾಸ್ತೆರ್ಕೊವಾ, ಕೊಮಾರ್, ಮೆಲಾಮಿಡ್, ಲೆನಿನ್‌ಗ್ರಾದಿನಿಂದ ರೂಹಿನ್. ರಾಬಿನ್ ಜೊತೆ ಮಗ ಸಾಶಾ. ಸೈಟಿನಲ್ಲಿ ಇವರಿಗಿಂತ ಮೊದಲೇ ಲಾರಿ, ಬುಲ್ಡೋಜರ್, ರಸ್ತೆ ತೊಳೆಯುವ ನೀರಿನ ಗಾಡಿ ಬಂದು ನಿಂತಿದ್ದವು. ಗುದ್ದಲಿ, ಸಸಿ ಹಿಡಿದ ಗಟ್ಟಿಮುಟ್ಟಾದ ಗಂಡಸರು ಇದ್ದರು. ಕೇಳಿದರೆ ಶ್ರಮದಾನ ಅಂದರು. ಇಲ್ಲಿ ಪಾರ್ಕು ಮಾಡ್ತೀವಿ, ಗಿಡ ನೆಡ್ತೀವಿ.

ಗಿಡ ನೆಡುವವರು ಚಿತ್ರ ಕಿತ್ತುಕೊಂಡರು, ಮುರಿದರು, ಕೆಸರಿಗೆ ಎಸೆದರು, ಲಾರಿಗೆ ತುಂಬಿದರು. ನೋಡೋಕೆ ಬಂದವರ ಮೇಲೆ ನೀರು ಹಾರಿಸಿದರು. ಬುಲ್ಡೋಜರ್ ಚಿತ್ರಗಳ ಮೇಲೆ ಬಂತು. ರಾಬಿನ್ ಅದರ ಮುಂದಿನ ಅಲಗಿಗೆ ಜೋತುಬಿದ್ದರು, ಕಾಲು ಮೇಲೆತ್ತಿಕೊಂಡು. ಅದು ಅವರನ್ನು ಎಳೆದುಕೊಂಡೇ ಹೋಯಿತು. ಕೊನೆಗೆ ಅವರನ್ನೂ ಮಗನನ್ನೂ ಪೊಲೀಸರು ಎತ್ತಿಕೊಂಡು ಹೋದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರನ ಹಲ್ಲು ಅವನದೇ ಕ್ಯಾಮೆರಾ ಬಡಿದು ಮುರಿಯಿತು. ನಿಮ್ಮನ್ನೆಲ್ಲ ಗುಂಡಿಟ್ಟು ಕೊಲ್ಲಬೇಕು, ಗುಂಡು ದಂಡ ಅಂತ ಬಿಟ್ಟಿದ್ದೀವಿ ಅಂತ ಪೊಲೀಸ್ ಅಧಿಕಾರಿಯೊಬ್ಬ ಹೇಳಿದ್ದು ಆಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಕೆಲವು ದಿನಕ್ಕೆ ‘ಸೊವೆತ್‌ಸ್ಕಾಯಾ ಕುಲ್ತೂರಾ’ ಪತ್ರಿಕೆಯಲ್ಲಿ ಶ್ರಮದಾನದವರ ಪತ್ರ ಅಚ್ಚಾಯಿತು. ಕಲಾವಿದರು ಬಂದು ನಮ್ಮ ಕೆಲಸಕ್ಕೆ ಅಡ್ಡಿ ಮಾಡಿದರು ಅಂತ ದೂರು! ಈ ತರದ ಪ್ರತಿ-ದೂರು ನಮ್ಮ ಕಡೆಯ ಠಾಣೆಗಳಿಗೂ ಹೊಸದಲ್ಲ.

ಆದರೆ ಸುದ್ದಿ ಹರಡಿ ನಿಮಗೆ ಮುಜುಗರ ಆಯಿತು. ಎರಡೇ ವಾರಕ್ಕೆ, ಸೆಪ್ಟೆಂಬರ್ 29ಕ್ಕೆ, ಇಜ್ಮಾಯ್ಲೊವೊ ಪಾರ್ಕಿನಲ್ಲಿ ನಾಲ್ಕು ಗಂಟೆ ಚಿತ್ರ ತೋರಿಸೋಕೆ ನೀವೇ ಒಪ್ಪಿದಿರಿ. ಸಾವಿರಾರು ಜನ ಬಂದರು. ಮುಂದಿನ ಫೆಬ್ರುವರಿಯಲ್ಲಿ ಕೊಟ್ಟ ಜಾಗ ಇನ್ನೂ ಚೆನ್ನಾಗಿದೆ, ವಸ್ತುಪ್ರದರ್ಶನ ಮೈದಾನದಲ್ಲಿ ಜೇನು ಸಾಕಣೆಯ ಮಂಟಪ. ಜೇನಿನ ಮಂಟಪವೇ ಯಾಕೆ ಅಂತ ನಿಮ್ಮ ಟಿಪ್ಪಣಿಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ, ಕುತೂಹಲ.

ಇಲ್ಲಿಗೆ ಬಿಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಬಿಡಲಿಲ್ಲ. ಬುಲ್ಡೋಜರಿಗಿಂತ ಜಾಸ್ತಿ ಕೆಲಸ ಮಾಡಿದ್ದು ಕಾಗದ. ಕಲಾವಿದರ ಸಂಘದ ಕಾರ್ಡ್ ಇಲ್ಲದವನು ನಿಮ್ಮ ಲೆಕ್ಕದಲ್ಲಿ ಕಲಾವಿದನೇ ಅಲ್ಲ. ಕಲಾವಿದನಲ್ಲದಿದ್ದರೆ ನಿರುದ್ಯೋಗಿ. ನಿರುದ್ಯೋಗಿ ಅಂದರೆ ದಂಡಪಿಂಡ, ಅದು ಅಪರಾಧ. 1977ರಲ್ಲಿ ಆ ಅಸ್ತ್ರವನ್ನೇ ರಾಬಿನ್ ಮೇಲೆ ಹಿಡಿದರು, ಹಿಡಿದು ಕೂಡಿಸಿದರು. 1978ರ ಜನವರಿಯಲ್ಲಿ ಹೆಂಡತಿ, ಮಗನ ಜೊತೆ ಪ್ರವಾಸಿ ವೀಸಾ ಮೇಲೆ ಹೊರಗೆ ಕಳಿಸಿದರು. ಅದೇ ವರ್ಷದ ಜೂನ್ 22ರ ಆದೇಶದಿಂದ ಪೌರತ್ವ ರದ್ದಾಯಿತು. ಪ್ಯಾರಿಸ್ಸಿನ ಸೋವಿಯತ್ ಕಚೇರಿಗೆ ಕರೆಸಿ ಓದಿ ಹೇಳಿದರು. ಪ್ರವಾಸಕ್ಕೆ ಬಂದವರು ನಿಂತ ಜಾಗದಲ್ಲೇ ಯಾವ ದೇಶಕ್ಕೂ ಸೇರದವರಾದರು. ಅರ್ಜಿದಾರರಿಗೆ ಆಗ 50 ವರ್ಷ.

ಪ್ಯಾರಿಸ್ಸಿನವರು ಪೊಂಪಿಡೂ ಕಲಾ ಕೇಂದ್ರದ ಎದುರು ಅವರಿಗೆ ಒಂದು ಮನೆ-ಸ್ಟುಡಿಯೊ ಕೊಟ್ಟರು. 1985ರಲ್ಲಿ ಫ್ರಾನ್ಸ್ ಪೌರತ್ವವನ್ನೂ ಕೊಟ್ಟಿತು. ರಾಬಿನ್ ಅಲ್ಲೂ ಅದೇ ಬೂದು, ಅದೇ ಕಪ್ಪು ಗೆರೆ ಇಟ್ಟುಕೊಂಡು ಬರೆದರು. ಪ್ಯಾರಿಸ್ಸಿನ ಮನೆಗಳೂ ಲಿಯಾನೊಜೊವೊದ ಮನೆಗಳ ಹಾಗೇ ವಾಲಿಕೊಂಡವು. ಫ್ರೆಂಚ್ ಪೇಪರ್ ಬಂತು, ಬಾಟಲಿ ಅದೇ ಉಳಿಯಿತು. ಹೊಸ ಊರಿಗೆ ಬಂದು ಬಣ್ಣ ಬದಲಿಸಬೇಕಿತ್ತು ಅಂತ ಕೆಲವರು ಹೇಳಿಯಾರು. ನನಗೆ ಹಾಗನಿಸಲ್ಲ. ಮನೆಗೆ ಬೀಗ ಹಾಕಿಸಿದವರು ಕಣ್ಣನ್ನೂ ಬದಲಿಸಿ ಕಳಿಸಿರಲಿಲ್ಲವಲ್ಲ.

ವಾಲೆಂಟೀನಾ ಅವರ ಬಗ್ಗೆ ಎಲ್ಲರೂ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ, ನಾನು ಎರಡು ಬರೆಯುತ್ತೇನೆ. ಅವರೂ ಚಿತ್ರಕಾರರು. ಹೆಚ್ಚಾಗಿ ಪೆನ್ಸಿಲ್ ಕೆಲಸ. ಕತ್ತೆಯಂಥ ಮುಖ, ಉದ್ದ ಕಿವಿ, ಅರ್ಧ ಮನುಷ್ಯರಂಥ ಸೌಮ್ಯ ಪ್ರಾಣಿಗಳು. ನೀರಲ್ಲಿ ಮುಳುಗಿದ ಚರ್ಚುಗಳು, ಕಾಡು. ಗಂಡನ ಚಿತ್ರದಲ್ಲಿ ಬ್ಯಾರಕ್ಕು, ಹೆಂಡತಿಯ ಚಿತ್ರದಲ್ಲಿ ಅಂಥ ಒಂದು ಲೋಕ, ಎರಡೂ ಹುಟ್ಟಿದ್ದು ಒಂದೇ ಕೋಣೆಯಲ್ಲಿ. ಮಗ ಸಾಶಾ 1994ರಲ್ಲಿ ತೀರಿಕೊಂಡರು. ವಾಲೆಂಟೀನಾ 2008ರಲ್ಲಿ ಹೋದರು.

1990ರಲ್ಲಿ ಗೋರ್ಬಚೇವ್ ಆದೇಶದಿಂದ ಪೌರತ್ವ ವಾಪಸ್ ಬಂತು ಅಂತ ಬರೆದಿದೆ. ಅದರ ಪಾಸ್‌ಪೋರ್ಟ್ ಕೈಗೆ ಬಂದದ್ದು 2006ರಲ್ಲಿ. ಆದೇಶಕ್ಕೂ ಅನುಷ್ಠಾನಕ್ಕೂ 16 ವರ್ಷ. ನಮ್ಮ ಕಚೇರಿಯ ಖಾತೆ ಬದಲಾವಣೆ ಕೂಡ ಇಷ್ಟು ತಡ ಆಗಿದ್ದು ನಾನು ಕಂಡಿಲ್ಲ. 2008ರಲ್ಲಿ ನಿಮ್ಮೂರಿನ ಟ್ರೆಟ್ಯಾಕೋವ್ ಗ್ಯಾಲರಿ ದೊಡ್ಡ ಪ್ರದರ್ಶನ ಮಾಡಿತು. ಬಯಲಲ್ಲಿ ಎರಡು ಗಂಟೆ ಕೇಳಿದ್ದ ಮನುಷ್ಯನಿಗೆ 80 ತುಂಬಿತ್ತು.

ಆ ಕಾಲಂ ನೆನಪಿದೆಯಾ, ಸತ್ತ ಜಾಗ? ಅದಕ್ಕೆ ಉತ್ತರ 2018ರಲ್ಲಿ ಸಿಕ್ಕಿತು. ಬೇಲಿ ಕೆಳಗೂ ಅಲ್ಲ, ಇಸ್ರೇಲೂ ಅಲ್ಲ, ಮಾಸ್ಕೋವೂ ಅಲ್ಲ. ಇಟಲಿಯ ಫ್ಲಾರೆನ್ಸ್. ತಾರೀಖು ನವೆಂಬರ್ 7. ಒಂದು ಕಾಲದಲ್ಲಿ ನೀವು ಕ್ರಾಂತಿಯ ದಿನ ಅಂತ ಕೆಂಪು ಬಾವುಟ ಕಟ್ಟಿ ಮೆರವಣಿಗೆ ಮಾಡುತ್ತಿದ್ದ ದಿನ. ಇಂಥ ತಮಾಷೆ ಅವರೇ ಚಿತ್ರದಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಮಾನ್ಯರೆ, ನಾನು ಪರಿಹಾರ ಕೇಳುತ್ತಿಲ್ಲ. ಪ್ರತಿಮೆ ಕೇಳುತ್ತಿಲ್ಲ, ರಸ್ತೆಗೆ ಹೆಸರು ಕೇಳುತ್ತಿಲ್ಲ. ನಮ್ಮಲ್ಲಿ ಅವೆರಡೂ ಸಾಕಷ್ಟಿವೆ, ಕಾಗೆಗಳಿಗೆ ಅನುಕೂಲ. ನಾನು ಕೇಳುವುದು ಒಂದು ಹಿಂಬರಹ. ನಿಮ್ಮ ಕಚೇರಿಯ ಹಾಳೆಯಲ್ಲಿ, ದಿನಾಂಕ ಹಾಕಿ, ಸೀಲು ಒತ್ತಿ, ಒಬ್ಬರು ಜವಾಬ್ದಾರರು ಸಹಿ ಮಾಡಿ. 2-9-1974ರ ಪತ್ರ ಬಂದಿತ್ತು. ಅದಕ್ಕೆ ಕಾಗದದಲ್ಲಿ ಉತ್ತರ ಕೊಡಲಿಲ್ಲ. 15ನೇ ತಾರೀಖು ನಡೆದದ್ದು ಶ್ರಮದಾನ ಆಗಿರಲಿಲ್ಲ. ವಾಹನಗಳನ್ನು ಇಂಥವರ ಮಾತಿನ ಮೇಲೆ ಕಳಿಸಲಾಯಿತು. ಚಿತ್ರಗಳು ಹಾಳಾದವು, ಇಷ್ಟು. ಅಷ್ಟು ಬರೆದರೆ ಸಾಕು. ಆದೇಶದಿಂದ ಪೌರತ್ವ ಕಿತ್ತಿರಿ, ಆದೇಶದಿಂದಲೇ ವಾಪಸ್ ಕೊಟ್ಟಿರಿ. ನಡುವೆ ಆ ಕೆಸರಿನ ದಿನದ ಬಗ್ಗೆ ನಿಮ್ಮ ಕಡೆಯಿಂದ ಒಂದು ಸಾಲೂ ಅರ್ಜಿದಾರರ ಕೈ ಸೇರಲಿಲ್ಲ. ಕಡತ ಮುಕ್ತಾಯ ಮಾಡೋಕೆ ಆ ಸಾಲು ಬೇಕೇ ಬೇಕು. ಇಲ್ಲದಿದ್ದರೆ ಯಾವ ಆಡಿಟರೂ ಬಿಡಲ್ಲ.

ಹಿಂಬರಹದ ಜೊತೆ ಇನ್ನೊಂದು ಸಣ್ಣ ಲೆಕ್ಕ ಕಳಿಸಿ. ಅವತ್ತು ಸಸಿ ನೆಡೋಕೆ ಬಂದಿದ್ದೆವು ಅಂತ ಪತ್ರಿಕೆಯಲ್ಲಿ ಬರೆಸಿದ್ದೀರಿ. ತಂದ ಸಸಿ ಎಷ್ಟು, ನೆಟ್ಟಿದ್ದು ಎಷ್ಟು, ಈಗ ಬದುಕಿರುವ ಮರ ಎಷ್ಟು?

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತ

ಪ್ರತಿ: ಆಸ್ಕರ್ ರಾಬಿನ್, ಪೆರ್ ಲಾಶೇಸ್ ಸ್ಮಶಾನ, ಪ್ಯಾರಿಸ್ – ಅರ್ಜಿದಾರರ ಮಾಹಿತಿಗಾಗಿ.